ಮಾತ್ರೆಗೂ ಎಡಗೈ, ಬಲಗೈ ಉಂಟು!

ಮನೆಯಲ್ಲಿ ಔಷಧಿ ಇಡುವ ಡಬ್ಬಿಯನ್ನೊಮ್ಮೆ ತೆರೆದು ನೋಡಿ. ನೆಗಡಿ, ಅಲರ್ಜಿಗೆಂದು ತಂದ ಮಾತ್ರೆಯ ಮೇಲೆ ‘ಲೆವೊಸೆಟಿರಿಜಿನ್’ ಎಂದು ಬರೆದಿರಬಹುದು. ಹೊಟ್ಟೆಯುರಿಗೆ ತಂದದ್ದು ‘ಎಸೊಮೆಪ್ರಜೋಲ್’ ಇರಬಹುದು. ಅಜ್ಜನ ಬಿ.ಪಿ. ಮಾತ್ರೆ ‘ಎಸ್-ಅಮ್ಲೋಡಿಪಿನ್’ ಆಗಿರಬಹುದು. ಸೆಟಿರಿಜಿನ್, ಒಮೆಪ್ರಜೋಲ್, ಅಮ್ಲೋಡಿಪಿನ್ ಎಂಬ ಹೆಸರುಗಳು ನಿಮಗೆ ಹಿಂದಿನಿಂದಲೂ ಪರಿಚಿತ. ಹಾಗಾದರೆ ಅವುಗಳ ಮುಂದೆ ಹೊಸದಾಗಿ ಬಂದು ಕುಳಿತ ಈ ‘ಲೆವೊ’, ‘ಎಸ್’ ಎಂದರೇನು? ಹೆಸರಿನ ಜೊತೆಗೆ ಕೆಲವೊಮ್ಮೆ ಬೆಲೆಯೂ ಏರಿರುತ್ತದಲ್ಲ, ಅದು ನ್ಯಾಯವೇ?

ಈ ಪ್ರಶ್ನೆಗೆ ಉತ್ತರ ಸಿಗುವುದು ವೈದ್ಯರ ಕೋಣೆಯಲ್ಲಿ ಅಲ್ಲ, ರಸಾಯನಶಾಸ್ತ್ರಜ್ಞರ ಪ್ರಯೋಗಶಾಲೆಯಲ್ಲಿ. ಸ್ವಲ್ಪ ತಾಳ್ಮೆಯಿಂದ ಓದಿದರೆ ಕಷ್ಟವೇನೂ ಇಲ್ಲ.

ನಿಮ್ಮ ಎರಡೂ ಕೈಗಳನ್ನು ಎದುರು ಬದುರು ಹಿಡಿದು ನೋಡಿ. ಅದೇ ಐದು ಬೆರಳು, ಅದೇ ಅಂಗೈ. ಆದರೆ ಒಂದರ ಮೇಲೊಂದು ಇಟ್ಟರೆ ಹೆಬ್ಬೆರಳು ಅತ್ತ, ಕಿರುಬೆರಳು ಇತ್ತ! ಎಡಗಾಲಿನ ಚಪ್ಪಲಿ ಬಲಗಾಲಿಗೆ ಹೊಂದುವುದಿಲ್ಲ. ಇಂಗಾಲದಿಂದಾದ ಅನೇಕ ಅಣುಗಳೂ ಹೀಗೆಯೇ. ಒಂದು ಇಂಗಾಲದ ಪರಮಾಣುವಿಗೆ ನಾಲ್ಕು ಬೇರೆ ಬೇರೆ ಗುಂಪುಗಳು ಅಂಟಿಕೊಂಡಿದ್ದರೆ ಆ ಅಣುವಿಗೆ ಎರಡು ರೂಪಗಳು ಸಾಧ್ಯ. ಒಂದು ಮತ್ತೊಂದರ ಕನ್ನಡಿ ಬಿಂಬ. ತೂಕ ಒಂದೇ, ಕರಗುವ ಗುಣ ಒಂದೇ, ಸೂತ್ರವೂ ಒಂದೇ. ಆದರೆ ನಮ್ಮ ದೇಹಕ್ಕೆ ಅವೆರಡೂ ಒಂದೇ ಅಲ್ಲ. ಏಕೆಂದರೆ ದೇಹದ ಪ್ರೋಟೀನುಗಳೂ ಒಂದೇ ಕೈಯ ಅಮೈನೊ ಆಮ್ಲಗಳಿಂದ ಕಟ್ಟಿದವು. ಬಲಗೈ ಗವಸಿನೊಳಗೆ ಬಲಗೈ ಮಾತ್ರ ಸರಾಗವಾಗಿ ಹೋಗುತ್ತದೆ.

ಇದಕ್ಕೆ ಸಾಕ್ಷಿ ನಿಮ್ಮ ಅಡುಗೆಮನೆಯಲ್ಲೇ ಇದೆ. ಪುದೀನದ ಎಲೆಗೂ ಸಬ್ಬಸಿಗೆಯ ಬೀಜಕ್ಕೂ ವಾಸನೆ ಕೊಡುವ ಮುಖ್ಯ ವಸ್ತುವಿನ ಹೆಸರು ಒಂದೇ: ಕಾರ್ವೋನ್. ಪುದೀನದಲ್ಲಿರುವುದು ಅದರ ಒಂದು ಕೈ, ಸಬ್ಬಸಿಗೆಯ ಬೀಜದಲ್ಲಿರುವುದು ಇನ್ನೊಂದು ಕೈ. ಎರಡನ್ನೂ ಬೇರೆ ಬೇರೆಯಾಗಿ ಗುರುತಿಸಲು ಯಾವ ಯಂತ್ರವೂ ಬೇಕಿಲ್ಲ, ನಿಮ್ಮ ಮೂಗೇ ಸಾಕು.

ಈ ‘ಕೈ’ ಇರುವುದನ್ನು ಮೊದಲು ಕಣ್ಣಾರೆ ಕಂಡವರು ಲೂಯಿ ಪಾಶ್ಚರ್. ಹುಚ್ಚುನಾಯಿ ಕಡಿತಕ್ಕೆ ಲಸಿಕೆ ಕಂಡುಹಿಡಿದ ಅದೇ ಪಾಶ್ಚರ್. 1848ರಲ್ಲಿ ಅವರು ಟಾರ್ಟರಿಕ್ ಆಮ್ಲದ ಒಂದು ಲವಣದ ಹರಳುಗಳನ್ನು ನೋಡುತ್ತಿದ್ದಾಗ ಅವು ಎರಡು ಬಗೆಯಲ್ಲಿರುವುದು, ಒಂದು ಇನ್ನೊಂದರ ಬಿಂಬದಂತಿರುವುದು ಕಂಡಿತು. ಚಿಮಟ ಹಿಡಿದು ಒಂದೊಂದಾಗಿ ಆರಿಸಿ ಬೇರೆ ಮಾಡಿದರು. ನಮ್ಮ ಹೆಣ್ಣುಮಕ್ಕಳು ಅಕ್ಕಿಯಲ್ಲಿ ಕಲ್ಲು ಆರಿಸುವಂತೆ! ಟಾರ್ಟರಿಕ್ ಆಮ್ಲವೆಂದರೆ ಬೇರೇನಲ್ಲ, ನಿಮ್ಮ ಸಾರಿಗೆ ಹುಳಿ ಕೊಡುವ ಹುಣಸೆಯ ಆಮ್ಲ. ಹುಣಸೆಯಲ್ಲಿ ಅದರ ಒಂದು ಕೈ ಮಾತ್ರ ಇರುತ್ತದೆ. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಈಗ ಔಷಧಿಗೆ ಬರೋಣ. ಕ್ಷಯಕ್ಕೆ ಸರ್ಕಾರ ಉಚಿತವಾಗಿ ಕೊಡುವ ಮಾತ್ರೆಗಳಲ್ಲಿ ಎಥಾಂಬುಟಾಲ್ ಒಂದು. 1961ರಲ್ಲಿ ಪತ್ತೆಯಾದ ಔಷಧಿ. ನಮ್ಮ ದೇಶದಲ್ಲಿ ಸಾಮಾನ್ಯ ಕ್ಷಯದ ಆರು ತಿಂಗಳ ಚಿಕಿತ್ಸೆಯ ಉದ್ದಕ್ಕೂ ಅದು ಇರುತ್ತದೆ. ಅದರ ಒಂದು ಕೈ ಮಾತ್ರ ಕ್ಷಯದ ರೋಗಾಣುವಿನ ಮೇಲೆ ಚೆನ್ನಾಗಿ ಕೆಲಸ ಮಾಡುತ್ತದೆ. ಅದರ ಕನ್ನಡಿ ಬಿಂಬದ ಶಕ್ತಿ ನೂರಾರು ಪಟ್ಟು ಕಡಿಮೆ. ಅಂದರೆ ಎರಡನ್ನೂ ಬೆರೆಸಿ ಕೊಟ್ಟರೆ ರೋಗಿಯ ದೇಹ ಕೆಲಸಕ್ಕೆ ಬಾರದ ಹೊರೆಯನ್ನು ಹೊರಬೇಕು. ಅದೂ ಕಣ್ಣಿನ ನರಕ್ಕೆ ತೊಂದರೆ ಕೊಡಬಲ್ಲ ಔಷಧಿಯಲ್ಲಿ! ಆದ್ದರಿಂದ ಇಂದಿನ ಮಾತ್ರೆಯಲ್ಲಿ ಕೆಲಸದ ರೂಪ ಮಾತ್ರ ಇರುತ್ತದೆ. ಹಾಗೆಂದು ಅಪಾಯ ಪೂರ್ತಿ ತಪ್ಪಿತೆಂದಲ್ಲ. ಮನೆಯಲ್ಲಿ ಯಾರಾದರೂ ಈ ಮಾತ್ರೆ ನುಂಗುತ್ತಿದ್ದು ಕಣ್ಣು ಮಂಜಾದರೆ, ಕೆಂಪು ಹಸಿರು ಬಣ್ಣ ಗುರುತಿಸುವುದು ಕಷ್ಟವಾದರೆ ಆ ದಿನವೇ ವೈದ್ಯರಿಗೆ ತಿಳಿಸಿ. ಆದರೆ ನೀವಾಗಿಯೇ ಚಿಕಿತ್ಸೆ ನಿಲ್ಲಿಸಬೇಡಿ.

ಕೈಕಾಲು ನಡುಗುವ ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಲೆವೊಡೋಪಾದ ಕಥೆಯೂ ಇಂಥದೇ. 1960ರ ದಶಕದಲ್ಲಿ ಮೊದಲು ಎರಡೂ ಕೈ ಬೆರೆತ ಡೋಪಾ ಕೊಟ್ಟು ನೋಡಿದಾಗ ಕೆಲವು ರೋಗಿಗಳಲ್ಲಿ ಬಿಳಿ ರಕ್ತಕಣಗಳು ಕುಸಿದವು. ಎಡಗೈ ರೂಪವನ್ನಷ್ಟೇ ಕೊಟ್ಟಾಗ ಆ ತೊಂದರೆ ತಪ್ಪಿತು, ಔಷಧಿ ಹೆಚ್ಚು ಫಲಿಸಿತು. ಹೊಲದ ಬೇಲಿಯಲ್ಲಿ ಬೆಳೆದು ಮೈಗೆ ತಾಗಿದರೆ ತುರಿಸುವ ನಸುಗುನ್ನಿಯ ಬೀಜದಲ್ಲಿ ಈ ಎಡಗೈ ಡೋಪಾ ಇರುವುದನ್ನು ಮದರಾಸಿನ ದಾಮೋದರನ್ ಮತ್ತು ರಾಮಸ್ವಾಮಿ 1937ರಲ್ಲೇ ತೋರಿಸಿಕೊಟ್ಟಿದ್ದರು. (ಹಾಗೆಂದು ಬೀಜವನ್ನು ಕುಟ್ಟಿ ನುಂಗಲು ಹೋಗಬೇಡಿ. ಅದರಲ್ಲಿ ಎಷ್ಟು ಡೋಪಾ ಇದೆಯೆಂದು ನಿಮ್ಮ ತಕ್ಕಡಿ ಹೇಳಲಾರದು.)

ಈ ವಿಷಯ ಬಂದಾಗಲೆಲ್ಲ ಥ್ಯಾಲಿಡೊಮೈಡಿನ ಮಾತು ಬರುತ್ತದೆ. 1957ರಿಂದ 1961ರವರೆಗೆ ಜರ್ಮನಿಯಲ್ಲಿ ಮಾರಾಟವಾದ, ಬೇರೆ ಹಲವು ದೇಶಗಳಿಗೂ ಹರಡಿದ ಈ ನಿದ್ರೆಯ ಮಾತ್ರೆಯನ್ನು ಗರ್ಭಿಣಿಯರು ವಾಂತಿಗೆಂದು ನುಂಗಿ, ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳು ಕೈಕಾಲು ಬೆಳೆಯದೆ, ಬೇರೆ ಊನಗಳೊಂದಿಗೆ ಹುಟ್ಟಿದವು. ‘ಒಂದು ಕೈ ಔಷಧಿ, ಇನ್ನೊಂದು ಕೈ ವಿಷ, ಬೇರೆ ಮಾಡಿದ್ದರೆ ಮಕ್ಕಳು ಉಳಿಯುತ್ತಿದ್ದವು’ ಎಂದು ಎಷ್ಟೋ ಪುಸ್ತಕಗಳಲ್ಲಿ ಬರೆದಿದೆ. ಅದು ಅರ್ಧ ಸತ್ಯ. ಥ್ಯಾಲಿಡೊಮೈಡಿನ ಒಂದು ಕೈಯನ್ನಷ್ಟೇ ಕೊಟ್ಟರೂ ದೇಹದೊಳಗೆ ಅದು ಇನ್ನೊಂದು ಕೈಯಾಗಿ ತಿರುಗಿಕೊಳ್ಳುತ್ತದೆ. ಬೇರ್ಪಡಿಸಿದ್ದರೂ ಆ ಮಕ್ಕಳು ಪಾರಾಗುತ್ತಿರಲಿಲ್ಲ. ‘ಶುದ್ಧ ಒಂದೇ ಕೈ’ ಎಂದ ಮಾತ್ರಕ್ಕೆ ಔಷಧಿ ಸುರಕ್ಷಿತವಾಗಿಬಿಡುವುದಿಲ್ಲ ಎಂಬುದಕ್ಕಾಗಿ ಇದನ್ನು ಇಷ್ಟು ಹೇಳಿದೆ.

ಸರಿ, ಒಂದೇ ಕೈಯ ಔಷಧಿ ಬೇಕೆಂದಾದರೆ ಅದನ್ನು ತಯಾರಿಸುವುದು ಹೇಗೆ? ತೊಡಕು ಇರುವುದೇ ಇಲ್ಲಿ. ರಾಯಚೂರಿನಿಂದ ಹೊರಟರೆ ಕಲ್ಮಲದಲ್ಲಿ ದಾರಿ ಕವಲೊಡೆಯುತ್ತದೆ. ಒಂದು ಮಾನ್ವಿಯ ಕಡೆ, ಇನ್ನೊಂದು ಲಿಂಗಸುಗೂರಿನ ಕಡೆ. ಊರು ಗೊತ್ತಿಲ್ಲದ, ಫಲಕ ಓದಲು ಬಾರದ ನೂರು ಜನರನ್ನು ಆ ಕವಲಿನಲ್ಲಿ ಬಿಟ್ಟರೆ ಸುಮಾರು ಐವತ್ತು ಜನ ಅತ್ತ, ಐವತ್ತು ಜನ ಇತ್ತ ಹೋಗುತ್ತಾರೆ. ಕಾರ್ಖಾನೆಯ ಪಾತ್ರೆಯಲ್ಲಿ ಅಣುಗಳು ಮಾಡುವುದೂ ಇದನ್ನೇ. ಅರ್ಧ ಎಡಗೈ, ಅರ್ಧ ಬಲಗೈ.

ಹಳೆಯ ಉಪಾಯವೆಂದರೆ ಎರಡನ್ನೂ ತಯಾರಿಸಿ ಆಮೇಲೆ ಬೇರ್ಪಡಿಸುವುದು. ಎಥಾಂಬುಟಾಲಿಗೆ ಬೇಕಾದ ಮೂಲವಸ್ತುವಿನ ಎರಡು ಕೈಗಳನ್ನು ಬೇರ್ಪಡಿಸಲು ಬಳಸಿದ್ದು ಯಾವುದನ್ನು ಗೊತ್ತೆ? ಹುಣಸೆಯಲ್ಲಿರುವ ಅದೇ ಟಾರ್ಟರಿಕ್ ಆಮ್ಲವನ್ನು! ಅದು ಒಂದು ಕೈಯೊಡನೆ ಸೇರಿ ಬೇಗ ಹರಳುಗಟ್ಟುತ್ತದೆ, ಇನ್ನೊಂದು ಕೈ ದ್ರಾವಣದಲ್ಲೇ ಉಳಿಯುತ್ತದೆ. ಉಪಾಯ ಜಾಣತನದ್ದೇ. ಆದರೆ ಲೆಕ್ಕ ಹಾಕಿ. ನೂರು ಕಿಲೋ ತಯಾರಿಸಿದರೆ ಕೈಗೆ ಸಿಗುವುದು ಹೆಚ್ಚೆಂದರೆ ಐವತ್ತು ಕಿಲೋ. ಉಳಿದ ಐವತ್ತನ್ನು ಹೇಗಾದರೂ ತಿರುಗಿಸಿ ಬಳಸಬೇಕು, ಇಲ್ಲವೇ ಎಸೆಯಬೇಕು. ಅದಕ್ಕೆ ಸುರಿದ ದ್ರಾವಕ, ಸುಟ್ಟ ಉರುವಲು ಎಲ್ಲದರ ಖರ್ಚನ್ನೂ ತೆರುವವನು ರೋಗಿ. ಎಸೆದದ್ದು ಸರಿಯಾಗಿ ಸಂಸ್ಕರಣೆಯಾಗದಿದ್ದರೆ ಕಾರ್ಖಾನೆಯ ಪಕ್ಕದ ಊರಿನವರು ಬೇರೆ ರೀತಿಯಲ್ಲಿ ಬೆಲೆ ತೆರುತ್ತಾರೆ.

ಹೊಸ ಉಪಾಯವೆಂದರೆ ಕವಲಿನಲ್ಲೇ ಒಬ್ಬ ದಾರಿ ತೋರಿಸುವವನನ್ನು ನಿಲ್ಲಿಸುವುದು. ಬಂದವರನ್ನೆಲ್ಲ ಮಾನ್ವಿಯ ಕಡೆಗೇ ತಿರುಗಿಸುತ್ತಾನೆ. ತಾನು ಮಾತ್ರ ಅಲ್ಲೇ ನಿಂತಿರುತ್ತಾನೆ. ಇವನೇ ಕ್ರಿಯಾವರ್ಧಕ. ಬಹುಕಾಲ ಈ ಕೆಲಸಕ್ಕೆ ಎರಡೇ ಬಗೆಯ ಆಳುಗಳು ಗೊತ್ತಿದ್ದರು. ಒಂದು, ಜೀವಿಗಳ ಕಿಣ್ವಗಳು. ಇನ್ನೊಂದು, ಲೋಹಗಳು. ಅಮೆರಿಕದ ಮೊನ್ಸಾಂಟೊ ಕಂಪನಿಯ ವಿಲಿಯಂ ನೋಲ್ಸ್ ರೋಡಿಯಂ ಎಂಬ ಲೋಹದಿಂದ ಲೆವೊಡೋಪಾವನ್ನು ಒಂದೇ ಕೈಯಲ್ಲಿ ತಯಾರಿಸುವ ವಿಧಾನ ರೂಪಿಸಿದರು. 2001ರಲ್ಲಿ ನೊಯೋರಿ ಮತ್ತು ಶಾರ್ಪ್‌ಲೆಸ್ ಅವರೊಂದಿಗೆ ನೊಬೆಲ್ ಪಡೆದರು. ಆದರೆ ರೋಡಿಯಂ ಬಹಳ ದುಬಾರಿ. ಇಂಥ ಕೆಲವು ಲೋಹಗಳಿಗೆ ಗಾಳಿ, ತೇವ ತಾಗಬಾರದು. ತಯಾರಾದ ಮಾತ್ರೆಯಲ್ಲಿ ಲೋಹದ ಶೇಷ ಎಷ್ಟಿರಬಹುದೆಂಬುದಕ್ಕೆ ಕಟ್ಟುನಿಟ್ಟಾದ ಮಿತಿಯುಂಟು. ಅದನ್ನು ತೊಳೆದು ತೆಗೆಯುವುದೇ ಇನ್ನೊಂದು ಕೆಲಸ.

ಇಲ್ಲಿಗೆ ಬರುತ್ತಾರೆ ಬೆಂಜಮಿನ್ ಲಿಸ್ಟ್. 1968ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಹುಟ್ಟಿದವರು. ತಾಯಿಯ ಸೋದರಿ ಕ್ರಿಸ್ಟಿಯಾನೆ ನ್ಯೂಸ್ಲೈನ್ ಫೋಲ್‌ಹಾರ್ಡ್ 1995ರಲ್ಲಿ ವೈದ್ಯಶಾಸ್ತ್ರದ ನೊಬೆಲ್ ಪಡೆದವರು. ಮನೆತನ ಎಂಥದೆಂದು ಇದರಿಂದ ತಿಳಿಯಬಹುದು. ಲಿಸ್ಟ್ 1997ರಲ್ಲಿ ಡಾಕ್ಟರೇಟ್ ಮುಗಿಸಿ ಅಮೆರಿಕದ ಸ್ಕ್ರಿಪ್ಸ್ ಸಂಶೋಧನಾ ಸಂಸ್ಥೆ ಸೇರಿದರು. ಅಲ್ಲಿನ ಹಿರಿಯರು ಪ್ರತಿಕಾಯಗಳನ್ನು ಕಿಣ್ವಗಳಂತೆ ದುಡಿಸುವ ಪ್ರಯತ್ನದಲ್ಲಿದ್ದರು. ಲಿಸ್ಟ್ ಅವರಿಗೆ ಒಂದು ಸರಳ ಸಂದೇಹ ಬಂತು. ಕಿಣ್ವವೆಂದರೆ ನೂರಾರು ಅಮೈನೊ ಆಮ್ಲಗಳ ಉದ್ದನೆಯ ಸರಪಳಿ. ಆದರೆ ಎಷ್ಟೋ ಕಿಣ್ವಗಳಲ್ಲಿ ನಿಜವಾದ ಕೆಲಸ ಮಾಡುವುದು ಅದರೊಳಗಿನ ಒಂದೆರಡು ಅಮೈನೊ ಆಮ್ಲಗಳು ಮಾತ್ರ. ಹಾಗಿದ್ದರೆ ಇಡೀ ಕಿಣ್ವವೇಕೆ ಬೇಕು? ಒಂದೇ ಒಂದು ಅಮೈನೊ ಆಮ್ಲ ಸಾಲದೆ?

ಅವರು ಆರಿಸಿಕೊಂಡದ್ದು ಪ್ರೋಲೀನ್. ಅದು ಯಾವ ಅಪರೂಪದ ವಸ್ತುವೂ ಅಲ್ಲ. ನಿಮ್ಮ ತಟ್ಟೆಯಲ್ಲಿರುವ ಜೋಳದ ರೊಟ್ಟಿಯಲ್ಲಿ ಅದು ಧಾರಾಳವಾಗಿದೆ. ಜೋಳದ ಮುಖ್ಯ ಪ್ರೋಟೀನಾದ ಕಾಫಿರಿನ್ ಯಾವ ವರ್ಗಕ್ಕೆ ಸೇರಿದ್ದೋ ಆ ವರ್ಗಕ್ಕೆ ‘ಪ್ರೋಲಮಿನ್’ ಎಂಬ ಹೆಸರು ಬಂದದ್ದೇ ಅದರಲ್ಲಿ ಪ್ರೋಲೀನ್ ಹೆಚ್ಚಿರುವುದರಿಂದ! (ರೊಟ್ಟಿ ತಿಂದರೆ ಔಷಧಿ ತಯಾರಾಗುತ್ತದೆಯೇ ಎಂದು ಕೇಳಬೇಡಿ. ಸರಪಳಿಯಲ್ಲಿ ಬಂಧಿಯಾದ ಪ್ರೋಲೀನ್ ಬೇರೆ, ಬಿಡಿಯಾದ ಪ್ರೋಲೀನ್ ಬೇರೆ.) ಲಿಸ್ಟ್ ಅಸಿಟೋನಿಗೂ ಆಲ್ಡಿಹೈಡ್ ಎಂಬ ಇನ್ನೊಂದು ವಸ್ತುವಿಗೂ ಜೊತೆಯಾಗಿ ಒಂದಿಷ್ಟು ಪ್ರೋಲೀನ್ ಹಾಕಿದರು. ಪ್ರೋಲೀನಿನ ಒಂದು ತುದಿ ಅಸಿಟೋನಿನ ಅಣುವನ್ನು ಹಿಡಿಯುತ್ತದೆ. ಆಮ್ಲದ ತುದಿ ಆಲ್ಡಿಹೈಡನ್ನು ಸರಿಯಾದ ಮಗ್ಗುಲಿಗೆ ತಿರುಗಿಸಿ ನಿಲ್ಲಿಸುತ್ತದೆ. ಎರಡೂ ಒಂದಾದ ಮೇಲೆ ಪ್ರೋಲೀನ್ ಕೈಬಿಟ್ಟು ಮುಂದಿನ ಜೋಡಿಗೆ ಹೋಗುತ್ತದೆ. 2000ನೇ ಇಸವಿಯಲ್ಲಿ ಲರ್ನರ್ ಮತ್ತು ಬಾರ್ಬಾಸ್ ಅವರೊಂದಿಗೆ ಪ್ರಕಟಿಸಿದ ಲೇಖನದಲ್ಲಿ, ಒಂದು ಪ್ರಯೋಗದಲ್ಲಿ ಸಿಕ್ಕ ವಸ್ತುವಿನ ನೂರು ಭಾಗದಲ್ಲಿ 98 ಭಾಗ ಒಂದೇ ಕೈ. ಲೋಹವಿಲ್ಲ, ಕಿಣ್ವವಿಲ್ಲ.

ಸ್ವಾರಸ್ಯವೆಂದರೆ 1970ರ ದಶಕದ ಆರಂಭದಲ್ಲೇ ಎರಡು ಔಷಧಿ ಕಂಪನಿಗಳ ರಸಾಯನಶಾಸ್ತ್ರಜ್ಞರು ಸ್ಟೀರಾಯ್ಡ್ ತಯಾರಿಸಲು ಪ್ರೋಲೀನ್ ಬಳಸಿದ್ದರು. ಆದರೆ ಅದು ಆ ಒಂದು ಕೆಲಸಕ್ಕೆ ಸೀಮಿತವಾಗಿ ಪುಸ್ತಕದಲ್ಲೇ ಉಳಿಯಿತು. ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ಎಲ್ಲರ ಕಣ್ಣೆದುರೇ ಬಿದ್ದಿದ್ದರೂ ಯಾರೂ ಅದನ್ನು ಮುಂದುವರಿಸಲಿಲ್ಲ.

ಅದೇ 2000ನೇ ಇಸವಿಯಲ್ಲಿ ಸ್ಕಾಟ್ಲೆಂಡಿನ ಉಕ್ಕಿನ ಕಾರ್ಮಿಕರೊಬ್ಬರ ಮಗ ಡೇವಿಡ್ ಮ್ಯಾಕ್‌ಮಿಲನ್ ಅಮೆರಿಕದಲ್ಲಿ ಸ್ವತಂತ್ರವಾಗಿ ಇಂಥದೇ ಇನ್ನೊಂದು ಸಣ್ಣ ಅಣುವನ್ನು ರೂಪಿಸಿ, ಈ ವಿದ್ಯೆಗೆ ‘ಆರ್ಗ್ಯಾನೊಕ್ಯಾಟಲಿಸಿಸ್’ ಎಂಬ ಹೆಸರನ್ನೂ ಇಟ್ಟರು. ಕನ್ನಡದಲ್ಲಿ ಸಾವಯವ ಕ್ರಿಯಾವರ್ಧನೆ ಎನ್ನಬಹುದು. ಇದು ಸಾವಯವ ಕೃಷಿಯ ‘ಸಾವಯವ’ ಅಲ್ಲ. ಇಂಗಾಲದ ಅಣು ಎಂದಷ್ಟೇ ಅರ್ಥ. 2021ರ ರಸಾಯನಶಾಸ್ತ್ರದ ನೊಬೆಲ್ ಇಬ್ಬರಿಗೂ ಬಂತು. ಫಲ ಎಷ್ಟೆಂದು ತಿಳಿಯಲು ಒಂದೇ ಉದಾಹರಣೆ ಸಾಕು. ಸ್ಟ್ರಿಕ್ನಿನ್ ಎಂಬ ಸಂಕೀರ್ಣ ವಸ್ತುವನ್ನು 1950ರ ದಶಕದಲ್ಲಿ ಮೊದಲು ತಯಾರಿಸಿದಾಗ 29 ಹಂತಗಳು ಬೇಕಾಗಿದ್ದವು. 2011ರಲ್ಲಿ ಮ್ಯಾಕ್‌ಮಿಲನ್ ತಂಡ ಅದನ್ನು 12 ಹಂತಗಳಿಗೆ ಇಳಿಸಿತು. ಉತ್ಪಾದನೆಯ ದಕ್ಷತೆ 7000 ಪಟ್ಟು ಹೆಚ್ಚಿತು ಎನ್ನುತ್ತದೆ ನೊಬೆಲ್ ಸಮಿತಿ.

ಹೊಗಳಿಕೆ ಸಾಕು, ಕೊರತೆಯನ್ನೂ ಹೇಳಬೇಕು. ಲಿಸ್ಟ್ ಅವರ ಮೊದಲ ಪ್ರಯೋಗದಲ್ಲಿ ನೂರು ಅಣುಗಳಿಗೆ ಮೂವತ್ತು ಪ್ರೋಲೀನ್ ಅಣುಗಳು ಬೇಕಾಗಿದ್ದವು. ಒಳ್ಳೆಯ ಲೋಹ ಸಾವಿರಾರು ಅಣುಗಳಿಗೆ ಒಂದರಂತೆ ಸಾಕಾಗುತ್ತದೆ. ಈ ಅಂತರ ಕಡಿಮೆ ಮಾಡಲು ಲಿಸ್ಟ್ ತಂಡಕ್ಕೆ ಮತ್ತೆ ಹದಿನೆಂಟು ವರ್ಷ ಹಿಡಿಯಿತು. 2018ರಲ್ಲಿ ಅವರು ಹತ್ತು ಲಕ್ಷಕ್ಕೆ ಕೆಲವೇ ಅಣುಗಳಿದ್ದರೂ ನಡೆಯುವ ಕ್ರಿಯೆಯನ್ನು ತೋರಿಸಿದರು. ಸಂಶೋಧನೆಯೆಂದರೆ ಒಂದು ದಿನದ ‘ಯುರೇಕಾ’ ಅಲ್ಲ.

ಈ ವಿದ್ಯೆ ನಮ್ಮ ನಾಡಿಗೂ ಬಂದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ, ಜನರ ಬಾಯಲ್ಲಿ ‘ಟಾಟಾ ಇನ್‌ಸ್ಟಿಟ್ಯೂಟ್’ ಎನಿಸಿದ ಸಂಸ್ಥೆಯ, ಸಾವಯವ ರಸಾಯನ ವಿಭಾಗದಲ್ಲಿ ಪ್ರೊ. ಶಾಂತನು ಮುಖರ್ಜಿ ಇದ್ದಾರೆ. ಅವರು ಜರ್ಮನಿಯ ಕೊಲೋನಿನಲ್ಲಿ ಬೆರ್ಕೆಸೆಲ್ ಅವರ ಬಳಿ ಡಾಕ್ಟರೇಟ್ ಮಾಡಿದರು. ಅಲ್ಲಿ ಅವರ ತಂಡ ಮಾಡಿದ ಒಂದು ಕೆಲಸ ನಮ್ಮ ಮಾತಿಗೆ ನೇರ ಸಂಬಂಧಪಟ್ಟದ್ದು. ಎರಡು ಕೈ ಬೆರೆತ ವಸ್ತುವಿನಿಂದ ಬೇಡದ ಅರ್ಧವನ್ನು ಎಸೆಯುವ ಬದಲು, ಅದು ತಿರುಗಿ ಬೇಕಾದ ಕೈಯಾಗುತ್ತ ಹೋಗುವಂತೆ, ಅದರಿಂದ ಒಂದೇ ಕೈಯ ಅಮೈನೊ ಆಮ್ಲ ಸಿಗುವಂತೆ ಮಾಡುವ ಸಣ್ಣ ಅಣುವೊಂದನ್ನು ಅವರು 2005ರಲ್ಲಿ ಪ್ರಕಟಿಸಿದರು. ಐವತ್ತು ಕಿಲೋ ಎಸೆಯುವ ಲೆಕ್ಕ ನೆನಪಿದೆಯಲ್ಲ? ಅದಕ್ಕೆ ಉತ್ತರ ಇಂಥದು. ಆಮೇಲೆ ಮುಖರ್ಜಿಯವರು ಲಿಸ್ಟ್ ಅವರ ಪ್ರಯೋಗಶಾಲೆಗೆ ಹೋದರು. ಅಲ್ಲಿ 2007ರಲ್ಲಿ ಲೋಹವನ್ನೂ ಸಾವಯವ ಆಮ್ಲವನ್ನೂ ಜೋಡಿಯಾಗಿ ದುಡಿಸುವ ದಾರಿಯೊಂದನ್ನು ಇಬ್ಬರೂ ಸೇರಿ ತೋರಿಸಿದರು. ಬಳಿಕ ಹಾರ್ವರ್ಡಿನಲ್ಲಿ ನೊಬೆಲ್ ವಿಜೇತ ಕೋರಿ ಅವರ ಬಳಿ ಕೆಲಸ ಮಾಡಿ, 2010ರಲ್ಲಿ ಬೆಂಗಳೂರಿಗೆ ಬಂದು ತಮ್ಮದೇ ತಂಡ ಕಟ್ಟಿದರು. ಕೊಲೋನ್, ಮ್ಯೂಲ್‌ಹೈಮ್, ಹಾರ್ವರ್ಡ್ ಮುಗಿಸಿದವರು ಹಿಂತಿರುಗಿ ಬಂದದ್ದು ದೊಡ್ಡ ಮಾತೆಂದೇ ನನಗನ್ನಿಸುತ್ತದೆ.

ಇಷ್ಟನ್ನು ಆರೋಗ್ಯದ ಅಂಕಣದಲ್ಲಿ ಹೇಳಲು ಕಾರಣವಿದೆ. ಒಂದೇ ಕೈಯ ಔಷಧಿ ಎಂಬುದು ಈಗ ವಿಜ್ಞಾನದ ಜೊತೆಗೆ ವ್ಯಾಪಾರದ ಮಾತೂ ಆಗಿದೆ. ಎಥಾಂಬುಟಾಲ್, ಲೆವೊಡೋಪಾಗಳಲ್ಲಿ ಅದರಿಂದ ರೋಗಿಗೆ ಸ್ಪಷ್ಟ ಲಾಭವುಂಟು. ಲೆವೊಸೆಟಿರಿಜಿನ್ ವಿಷಯ ಹಾಗಲ್ಲ. ಅದರ 5 ಮಿಲಿಗ್ರಾಂ, ಹಳೆಯ ಸೆಟಿರಿಜಿನ್ನಿನ 10 ಮಿಲಿಗ್ರಾಂ ಮಾಡುವ ಕೆಲಸವನ್ನೇ ಹೆಚ್ಚುಕಡಿಮೆ ಮಾಡುತ್ತದೆ. ಎಸೊಮೆಪ್ರಜೋಲಿನಿಂದ ಹೆಚ್ಚಿನ ಜನರಿಗೆ ಸಿಗುವ ಹೆಚ್ಚುವರಿ ಲಾಭ ಸಣ್ಣದು. ಐಬುಪ್ರೊಫೇನಿನಲ್ಲಂತೂ ಕೆಲಸ ಮಾಡದ ಕೈಯ ಬಹುಭಾಗವನ್ನು ದೇಹವೇ ಕೆಲಸದ ಕೈಯಾಗಿ ತಿರುಗಿಸಿಕೊಳ್ಳುತ್ತದೆ! ಹಳೆಯ ಔಷಧಿಯ ಪೇಟೆಂಟ್ ಮುಗಿಯುವ ಹೊತ್ತಿಗೆ ಅದರ ಒಂದು ಕೈಯನ್ನು ಹೊಸ ಹೆಸರಿನಲ್ಲಿ ತರುವುದು ಕಂಪನಿಗಳ ಹಳೆಯ ರೂಢಿ. ವಿಜ್ಞಾನಿ ಇಪ್ಪತ್ತು ವರ್ಷ ದುಡಿದು ತಯಾರಿಕೆಯ ಖರ್ಚು ಇಳಿಸುವ ದಾರಿ ಹುಡುಕಿದರೆ, ಅದೇ ‘ಒಂದು ಕೈ’ ಎಂಬ ಮಾತನ್ನು ಹಿಡಿದು ಬೆಲೆ ಏರಿಸುವುದು ನನಗಂತೂ ಒಪ್ಪಿಗೆಯಿಲ್ಲ. ಬೇಡದ ಅರ್ಧ ತಯಾರಾಗುವುದೇ ತಪ್ಪಿದರೆ, ಲೋಹ ತೊಳೆಯುವ ಹಂತ ಉಳಿದರೆ, ಆ ಉಳಿತಾಯದಲ್ಲಿ ಒಂದು ಪಾಲು ಮಾತ್ರೆಯ ಬೆಲೆಯಲ್ಲೂ ಕಾಣಬೇಕು, ಕಾರ್ಖಾನೆಯ ಹೊರಗಿನ ಹಳ್ಳದಲ್ಲೂ ಕಾಣಬೇಕು.

ಹಳ್ಳದ ಮಾತು ನಮಗೆ ದೂರದ್ದಲ್ಲ. ರಾಯಚೂರಿನಲ್ಲಿ 1987ರಲ್ಲಿ ಆರಂಭವಾದ ಶಿಲ್ಪಾ ಮೆಡಿಕೇರ್ ಕ್ಯಾನ್ಸರ್ ಔಷಧಿಗಳ ಮೂಲದ್ರವ್ಯ ತಯಾರಿಸಿ ಹೊರದೇಶಗಳಿಗೂ ಕಳುಹಿಸುತ್ತದೆ. ನಮ್ಮ ಭಾಗದಲ್ಲಿ ಇಂಥ ರಸಾಯನ ವಿದ್ಯೆ ಬೇರೂರಬಲ್ಲದೆಂಬುದಕ್ಕೆ ಅದು ಸಾಕ್ಷಿ. ಇನ್ನೊಂದು ಕಡೆ, ನೆರೆಯ ಯಾದಗಿರಿ ಜಿಲ್ಲೆಯ ಕಡೇಚೂರು-ಬಾಡಿಯಾಳ ಕೈಗಾರಿಕಾ ಪ್ರದೇಶದ ರಾಸಾಯನಿಕ ಮತ್ತು ಔಷಧಿ ಕಾರ್ಖಾನೆಗಳಿಂದ ಬರುವ ದುರ್ವಾಸನೆ, ತ್ಯಾಜ್ಯದ ಬಗ್ಗೆ ಸುತ್ತಲಿನ ಊರುಗಳವರು ದೂರುತ್ತ ಬಂದಿದ್ದಾರೆ. ಅಲ್ಲಿ ಜನ ಕೇಳುವುದು ಪರಿಹಾರ, ತಪಾಸಣೆ. ಅದು ಬೇಕೇ ಬೇಕು. ಅದರ ಜೊತೆಗೆ ‘ಒಂದು ಕಿಲೋ ಔಷಧಿಗೆ ನೀವು ಎಷ್ಟು ಕಿಲೋ ತ್ಯಾಜ್ಯ ಹೊರಹಾಕುತ್ತೀರಿ?’ ಎಂಬ ಪ್ರಶ್ನೆಯನ್ನೂ ಕೇಳಬೇಕು. ಸಾವಯವ ಕ್ರಿಯಾವರ್ಧಕಗಳು ಬಂದರೆ ತ್ಯಾಜ್ಯವೇ ಇರುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಔಷಧಿ ಕಾರ್ಖಾನೆಯ ತ್ಯಾಜ್ಯದಲ್ಲಿ ದೊಡ್ಡ ಪಾಲು ದ್ರಾವಕಗಳದ್ದು, ಅವು ಆಗಲೂ ಬೇಕಾಗುತ್ತವೆ. ಆದರೆ ಹಂತಗಳು ಕಡಿಮೆಯಾದಷ್ಟೂ ದ್ರಾವಕವೂ ಕಡಿಮೆ.

ಆ ಪ್ರಶ್ನೆ ಕೇಳಲು, ಬಂದ ಉತ್ತರ ಸರಿಯೋ ತಪ್ಪೋ ತೂಗಿ ನೋಡಲು ನಮ್ಮವರೇ ಬೇಕು. ಬಿ.ಎಸ್ಸಿ.ಯಲ್ಲಿ ರಸಾಯನಶಾಸ್ತ್ರ ತೆಗೆದುಕೊಂಡ ಹುಡುಗ ಹುಡುಗಿಯರನ್ನು ‘ಮೆಡಿಕಲ್ ಸೀಟು ಸಿಗಲಿಲ್ಲವೇ?’ ಎಂದು ಮರುಕದಿಂದ ಕೇಳುವ ರೂಢಿ ನಮ್ಮ ಮನೆಗಳಲ್ಲಿ ಇನ್ನೂ ಇದೆ. ದೇವದುರ್ಗದಲ್ಲೋ ಮಾನ್ವಿಯಲ್ಲೋ ಓದುತ್ತಿರುವ ಅಂಥ ಮಗು ನಿಮ್ಮ ಮನೆಯಲ್ಲಿದ್ದರೆ ಒಂದು ಸಂಗತಿ ತಿಳಿಸಿ. ಬಿ.ಎಸ್ಸಿ. ಮುಗಿಸಿದವರು ‘ಜಾಮ್’ ಎಂಬ ಪ್ರವೇಶ ಪರೀಕ್ಷೆಯ ಮೂಲಕ ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಸಂಯುಕ್ತ ಪಿಎಚ್.ಡಿ.ಗೆ ನೇರವಾಗಿ ಸೇರಬಹುದು. ಓದುವಾಗಲೇ ಶಿಷ್ಯವೇತನವೂ ಸಿಗುತ್ತದೆ.

ಇನ್ನು ಔಷಧಿ ಡಬ್ಬಿಯ ವಿಷಯ. ಮುಂದಿನ ಸಲ ವೈದ್ಯರು ‘ಲೆವೊ’ ಅಥವಾ ‘ಎಸ್’ ಸೇರಿದ ಮಾತ್ರೆ ಬರೆದುಕೊಟ್ಟಾಗ ಸಂಕೋಚಪಡದೆ ಕೇಳಿ: ‘ಡಾಕ್ಟ್ರೇ, ಹಳೇದರಲ್ಲೇ ಕೆಲಸ ಆಗ್ತದೇನ್ರಿ?’ ಕೆಲವು ರೋಗಿಗಳಿಗೆ ಹೊಸದೇ ಬೇಕಾಗಬಹುದು, ಕಾರಣವನ್ನು ಅವರು ಹೇಳುತ್ತಾರೆ. ಹೊಸದೇ ಬೇಕೆಂದಾದರೂ ಜನೌಷಧಿ ಕೇಂದ್ರದಲ್ಲಿ ಅದರ ಬೆಲೆ ವಿಚಾರಿಸಿ ನೋಡಿ. ಥೈರಾಯ್ಡ್ ಇರುವವರು ಮಾತ್ರ ಈ ಪ್ರಶ್ನೆ ಕೇಳಬೇಕಿಲ್ಲ. ಅವರ ಮಾತ್ರೆ ಲೆವೊಥೈರಾಕ್ಸಿನ್. ನಮ್ಮ ಗ್ರಂಥಿ ತಯಾರಿಸುವುದೂ ಆ ಎಡಗೈಯನ್ನೇ.